‘ಅವರು ಹಾಗೇ’ ಅನ್ನುವ ಪಾಠ

ಎಲ್ಲರಿಗೂ ನಮಸ್ಕಾರ.

ಮಗುವನ್ನು ಎದುರಿಗೆ ಕೂರಿಸಿಕೊಂಡು ‘ಇಂಥವರನ್ನು ದೂರ ಇಡು’ ಅಂತ ಪಾಠ ಮಾಡುವವರು ಕಡಿಮೆ. ಮಾಡುವವರು ಇಂಥ ಸಭೆಗೆ ಬರುವುದಿಲ್ಲ ಬಿಡಿ. ಆದರೂ ಶಾಲೆಗೆ ಸೇರುವ ಹೊತ್ತಿಗೆ ಮಗುವಿನ ತಲೆಯಲ್ಲಿ ‘ನಾವು’, ‘ಅವರು’ ಎಂಬ ಗೆರೆ ಬಿದ್ದಿರುತ್ತದೆ. ಅದು ಎಲ್ಲಿಂದ ಬಂತು?

ಹುಟ್ಟಿನಿಂದ ಅಲ್ಲ. 2005ರಲ್ಲಿ ಬ್ರಿಟನ್ನಿನ ಒಂದು ಅಧ್ಯಯನ ಪ್ರಕಟವಾಯಿತು. ಬಿಳಿಯರ ಮನೆಯ, ಆಗಷ್ಟೇ ಹುಟ್ಟಿದ ಹಸುಗೂಸುಗಳು ಬೇರೆ ಬೇರೆ ಜನಾಂಗದ ಮುಖಗಳನ್ನು ಒಂದೇ ಥರ ನೋಡಿದವು. ಮೂರು ತಿಂಗಳ ಮಕ್ಕಳು ಮಾತ್ರ ಬಿಳಿ ಮುಖವನ್ನೇ ಜಾಸ್ತಿ ಹೊತ್ತು ನೋಡಿದವು. ಇದನ್ನು ದ್ವೇಷ ಅನ್ನಬೇಡಿ, ದಿನಾ ಕಂಡ ಮುಖದ ರೂಢಿ ಅಷ್ಟೆ.

ಆ ರೂಢಿಗೆ ಅರ್ಥ ಕೊಡುವುದು ನಮ್ಮ ಮಾತು. 2012ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞೆ ಮರ್ಜೊರಿ ರೋಡ್ಸ್ ಮತ್ತು ಸಂಗಡಿಗರು ನಾಲ್ಕು ವರ್ಷದ ಮಕ್ಕಳಿಗೆ ಒಂದು ಚಿತ್ರಪುಸ್ತಕ ಓದಿದರು. ಅದರಲ್ಲಿ ‘ಜಾರ್ಪಿ’ ಎಂಬ ಕಟ್ಟುಕತೆಯ ಜನ. ಪುಟಕ್ಕೊಬ್ಬರು, ಒಬ್ಬರ ಹಾಗೆ ಒಬ್ಬರಿಲ್ಲ. ಕೆಲವು ಮಕ್ಕಳಿಗೆ ‘ಈ ಜಾರ್ಪಿಗೆ ಹುಳ ಕಂಡರೆ ಹೆದರಿಕೆ’ ಎಂದರು. ಉಳಿದವರಿಗೆ ‘ಜಾರ್ಪಿಗಳಿಗೆ ಹುಳ ಕಂಡರೆ ಹೆದರಿಕೆ’ ಎಂದರು. ಎರಡನೆಯ ಮಾತು ಕೇಳಿದವರಲ್ಲಿ, ಜಾರ್ಪಿಗಳ ಸ್ವಭಾವ ಹುಟ್ಟಿನಿಂದಲೇ ಬಂದದ್ದು ಎಂಬ ನಂಬಿಕೆ ಹೆಚ್ಚು ಕಂಡಿತು. ಮಾತಿನಲ್ಲಿ ಬೈಗುಳವೇ ಇರಲಿಲ್ಲ, ನೋಡಿ!

ಈಗ ಮಂಗಳೂರಿಗೆ ಬನ್ನಿ. ಪಕ್ಕದ ಸೈಟಿನಲ್ಲಿ ಮನೆ ಏಳುತ್ತಿದೆ. ಕೊಪ್ಪಳದ ಕಡೆಯಿಂದ ಬಂದ ಕುಟುಂಬ ತಗಡಿನ ಶೆಡ್ಡಿನಲ್ಲಿದೆ. ನೀರಿನ ಪೈಪು ಹರಿಯುತ್ತಲೇ ಇದೆ. ನಾವು ಏನನ್ನುತ್ತೇವೆ? ‘ಈ ಘಟ್ಟದವರು ಹೀಗೇ ಮಾರಾಯ್ರೆ!’ ಅದೇ ಎದುರುಮನೆಯವರ ಟ್ಯಾಂಕಿ ತುಂಬಿ ಅರ್ಧ ಗಂಟೆ ಸುರಿದರೆ? ‘ಪಾಪ, ಪಂಪು ಬಂದ್ ಮಾಡಲು ಮರೆತರು ಅಂತ ಕಾಣುತ್ತದೆ.’ ಜಗಲಿಯಲ್ಲಿ ಆಡುವ ಮಗು ಎರಡನ್ನೂ ಕೇಳಿಸಿಕೊಂಡಿತಲ್ವಾ? ಜಾತಿ, ಧರ್ಮದ ವಿಷಯಕ್ಕೂ ಇದೇ ಲೆಕ್ಕ. ಉದಾಹರಣೆ ನಾನು ಕೊಡಬೇಕಾಗಿಲ್ಲ.

ಟೀಚರುಗಳಿಗೊಂದು ಮಾತು. ಮನಶ್ಶಾಸ್ತ್ರಜ್ಞೆ ರೆಬೆಕ್ಕಾ ಬಿಗ್ಲರ್ ಅವರ ತಂಡ ಅಮೆರಿಕದಲ್ಲಿ ಮಕ್ಕಳಿಗೆ ನೀಲಿ, ಹಳದಿ ಟೀಶರ್ಟ್ ಹಾಕಿಸಿತು. ಕೆಲವು ತರಗತಿಗಳಲ್ಲಿ ಟೀಚರು ಬಣ್ಣದ ಮೇಲೇ ಕೂರಿಸಿದರು, ಸಾಲು ನಿಲ್ಲಿಸಿದರು. ಅಲ್ಲಿ ‘ನಮ್ಮ ಬಣ್ಣವೇ ಮೇಲು’ ಶುರುವಾಯಿತು. ಟೀಚರು ಬಣ್ಣ ಗಮನಿಸದ ತರಗತಿಯಲ್ಲಿ ಹಾಗಾಗಲಿಲ್ಲ.

ಹಾಗಂತ ಸುಮ್ಮನಿದ್ದುಬಿಡೋಣವೇ? ಬೇಡ. ಸುಮ್ಮನಿರುವುದು ಬಣ್ಣದ ಟೀಶರ್ಟಿಗೆ ಸರಿ, ಊರಿಗೆ ಸಾಲದು. ಊರಿನಲ್ಲಿ ಯಾರು ಶೆಡ್ಡಿನಲ್ಲಿದ್ದಾರೆ ಅಂತ ಮಗುವಿಗೆ ಕಾಣುತ್ತದೆ. ‘ಅವರು ಯಾಕೆ ಶೆಡ್ಡಲ್ಲಿ ಇರುವುದು?’ ಅಂತ ಕೇಳಿದಾಗ ‘ಶ್’ ಎಂದರೆ, ‘ಅವರು ಇರುವುದೇ ಹಾಗೆ’ ಎಂದು ಮಗು ತಾನೇ ಉತ್ತರ ಹುಡುಕಿಕೊಳ್ಳುತ್ತದೆ. ಇದ್ದದ್ದನ್ನು ಹೇಳಿ: ಅವರ ಊರಲ್ಲಿ ಮಳೆ ಸಾಲದು, ಕೂಲಿ ಕಡಿಮೆ, ಕೆಲಸ ಇದ್ದಲ್ಲಿಗೆ ಬಂದರು, ಕೆಲಸ ಮುಗಿದರೆ ಶೆಡ್ಡೂ ಹೋಗುತ್ತದೆ. ಐದು ವರ್ಷದ ಮಗುವಿಗೆ ಇದು ಅರ್ಥವಾಗುತ್ತದೆ. ‘ಮನೆ ಕಟ್ಟುವವರಿಗೆ ಮನೆ ಯಾಕಿಲ್ಲ?’ ಅಂತ ಮುಂದೆ ಕೇಳಿದರೆ, ಆಗ ನಿಮಗೆ ಸ್ವಲ್ಪ ಕಷ್ಟ ಉಂಟು.

ಈಗ ನಿಮ್ಮ ಪ್ರಶ್ನೆಗಳನ್ನು ಕೇಳಿ.