ಕರೆಂಟ್ ಹೋದಾಗ ಆದ ಪರಿಚಯ

ಎಲ್ಲರಿಗೂ ನಮಸ್ಕಾರ. ಶನಿವಾರ ಸಂಜೆ, ಅದೂ ಮೋಡ ಕವಿದಿರುವಾಗ, ಗಾಂಧಿ ಬಜಾರಿನ ಟ್ರಾಫಿಕ್ ದಾಟಿಕೊಂಡು ಇಷ್ಟು ಜನ ಬಂದಿದ್ದೀರಿ. ತುಂಬಾ ಖುಷಿಯಾಯಿತು. ಮುಂದಿನ ಸಾಲುಗಳಲ್ಲಿ ಅಪ್ಪ ಅಮ್ಮಂದಿರು ಇದ್ದೀರಿ, ಹಿಂದೆ ಗೋಡೆ ಹತ್ತಿರ ಮಕ್ಕಳಿದ್ದಾರೆ. ನನ್ನ ಹಾಗೆ ಗೇಮ್ ಕಂಪನಿಗಳಲ್ಲಿ ಕೆಲಸ ಮಾಡುವ ಕೆಲವರ ಮುಖವೂ ಕಾಣುತ್ತಿದೆ. ನಾನು ಹದಿಮೂರು ವರ್ಷದಿಂದ ಗೇಮ್ ಟೆಸ್ಟಿಂಗ್ ಕೆಲಸದಲ್ಲಿದ್ದೇನೆ. ಅದಕ್ಕೂ ಮೊದಲಿನಿಂದ ಆಡುತ್ತಿದ್ದೇನೆ. ಇವತ್ತು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ. ಸಾವಿರಾರು ಜನ ಸೇರಿ ಆಡುವ ಕೆಲವು ಆಟಗಳು ಊರಿನ ಹಾಗೆ ಆಗಿಬಿಡುತ್ತವೆ. ಇನ್ನು ಕೆಲವು ಎಷ್ಟೇ ಜನ ಬಂದರೂ ಮೆಜೆಸ್ಟಿಕ್ ಬಸ್ ಸ್ಟ್ಯಾಂಡಿನ ಹಾಗೆಯೇ ಉಳಿಯುತ್ತವೆ. ಯಾಕೆ?

2004ರಲ್ಲಿ ನಾನು ಪಿಯುಸಿ. ತ್ಯಾಗರಾಜನಗರದಲ್ಲಿ ಒಂದು ಸೈಬರ್ ಕೆಫೆ ಇತ್ತು. ಮೊದಲ ಮಹಡಿ, ಕಡಿದಾದ ಮೆಟ್ಟಿಲು, ಹತ್ತು ಕಂಪ್ಯೂಟರ್. ಗಂಟೆಗೆ 20 ರೂಪಾಯಿ. ಓನರ್‌ನ ನಾವೆಲ್ಲ ಅಣ್ಣ ಅಂತಲೇ ಕರೆಯುತ್ತಿದ್ದೆವು. ಅವರ ಟೇಬಲ್ ಮೇಲೆ ಉದ್ದನೆಯ ಲೆಕ್ಕದ ಪುಸ್ತಕ. ಯಾರು ಎಷ್ಟು ಹೊತ್ತಿಗೆ ಕೂತರು, ಯಾರ ಬಾಕಿ ಎಷ್ಟು, ಎಲ್ಲ ಅದರಲ್ಲೇ. ಆಟ ಕೌಂಟರ್ ಸ್ಟ್ರೈಕ್, ಎರಡು ತಂಡಗಳು ಗುಂಡು ಹಾರಿಸಿಕೊಳ್ಳುವ ಆಟ. 1999ರಲ್ಲಿ ಮಿನ್ ಲೆ ಮತ್ತು ಜೆಸ್ ಕ್ಲಿಫ್ ಎಂಬ ಇಬ್ಬರು ಹುಡುಗರು ಹಾಫ್ ಲೈಫ್ ಎಂಬ ಆಟದ ಮೇಲೆ ಹವ್ಯಾಸಕ್ಕೆ ಕಟ್ಟಿದ ಆಟ ಅದು. ನಾವು ಆಡುತ್ತಿದ್ದ ಮ್ಯಾಪ್, ಅಂದರೆ ಆಟ ನಡೆಯುವ ಜಾಗ, ಯಾವಾಗಲೂ ಡಸ್ಟ್ ಟೂ.

ಕಂಪ್ಯೂಟರ್ ಹತ್ತು, ಹುಡುಗರು ಹದಿನೈದು. ಹಾಗಾಗಿ ಐದು ಜನ ಯಾವಾಗಲೂ ಕುರ್ಚಿಗಳ ಹಿಂದೆ ನಿಂತಿರುತ್ತಿದ್ದರು. ನಿಂತವರು ಸುಮ್ನೆ ನಿಲ್ಲುತ್ತಿರಲಿಲ್ಲ. ಯಾರು ಎಲ್ಲಿ ಅಡಗುತ್ತಾನೆ, ಯಾರ ಗುರಿ ಚೆನ್ನಾಗಿದೆ, ಯಾರಿಗೆ ಬೇಗ ಸಿಟ್ಟು ಬರುತ್ತದೆ, ಎಲ್ಲ ನೋಡಿಕೊಳ್ಳುತ್ತಿದ್ದರು. ವಾರಕ್ಕೆ ಎರಡು ಮೂರು ಸಲ ಕರೆಂಟ್ ಹೋಗುತ್ತಿತ್ತು. ಯುಪಿಎಸ್ ಇದ್ದದ್ದು ಅಣ್ಣನ ಕಂಪ್ಯೂಟರಿಗೆ ಮಾತ್ರ. ಒಂದು ಸಲ ದೊಡ್ಡದಾಗಿ "ಅಯ್ಯೋ" ಅನ್ನುವುದು, ಆಮೇಲೆ ಹದಿನೈದು ಜನವೂ ಕೆಳಗಿಳಿದು ಫುಟ್‌ಪಾತ್ ಮೇಲೆ ನಿಲ್ಲುವುದು. ಪಕ್ಕದಲ್ಲೇ ಚುರುಮುರಿ ಗಾಡಿ. ಕತ್ತಲೆಯಲ್ಲಿ, ಆ ಗಾಡಿಯ ಗ್ಯಾಸ್‌ಲೈಟ್ ಬೆಳಕಿನಲ್ಲಿ, ಐದು ನಿಮಿಷದ ಹಿಂದೆ ನನಗೆ ಗುಂಡು ಹಾರಿಸಿದವನು ಯಾರು, ಅವನ ಹೆಸರೇನು, ಮನೆ ಎಲ್ಲಿ ಎಂದು ಗೊತ್ತಾಗುತ್ತಿತ್ತು. ನನ್ನ ಇಬ್ಬರು ಆಪ್ತ ಗೆಳೆಯರು ಸಿಕ್ಕಿದ್ದು ಹಾಗೆ. ಒಳಗೆ ಆಡುವಾಗ ಒಂದು ಮಾತೂ ಆಡಿರಲಿಲ್ಲ. ಆಟ ನಿಂತಾಗ ಪರಿಚಯವಾಯಿತು.

ಇದು ನನಗೆ ಅರ್ಥವಾಗಿದ್ದು ಎಷ್ಟೋ ವರ್ಷ ಆದ ಮೇಲೆ, ವರ್ಲ್ಡ್ ಆಫ್ ವಾರ್‌ಕ್ರಾಫ್ಟ್‌ ಎಂಬ ಆನ್‌ಲೈನ್ ಆಟದ ಕಥೆ ತಿಳಿದುಕೊಂಡಾಗ. ಆ ಆಟ ಬಂದದ್ದೂ 2004ರ ನವೆಂಬರ್‌ನಲ್ಲೇ. ಅದರಲ್ಲಿ ಡಂಜನ್ ಎಂದರೆ ಐದು ಜನ ಸೇರಿ ಹೋಗುವ ಜಾಗ. ಒಬ್ಬ ಮುಂದೆ ನಿಂತು ಏಟು ತಿನ್ನಬೇಕು, ಅವನು ಟ್ಯಾಂಕ್. ಇನ್ನೊಬ್ಬ ಗಾಯ ವಾಸಿ ಮಾಡಬೇಕು, ಅವನು ಹೀಲರ್. ಉಳಿದ ಮೂವರು ಹೊಡೆಯುವವರು. ಈ ಐದು ಜನರನ್ನು ಹೊಂದಿಸುವುದೇ ದೊಡ್ಡ ಕೆಲಸ. ಆಟದೊಳಗಿನ ಊರ ನಡುವೆ ನಿಂತು "ಹೀಲರ್ ಒಬ್ಬರು ಬೇಕು" ಎಂದು ಕೂಗಬೇಕು. ಯಾರಾದರೂ ಬರುವವರೆಗೆ ಉಳಿದ ನಾಲ್ವರು ಕಾಯಬೇಕು. ಕಾಯುವಾಗ ಮಾತು. ಎಲ್ಲರೂ ಸೇರಿದ ಮೇಲೆ ಆ ಜಾಗಕ್ಕೆ ಪ್ರಯಾಣ, ಆಗಲೂ ಮಾತು. ಗೆದ್ದ ಸಾಮಾನನ್ನು ಒಬ್ಬ ಮೋಸದಿಂದ ಎತ್ತಿಕೊಂಡು ಓಡಿಹೋದ ಅಂದುಕೊಳ್ಳಿ. ಅವನ ಹೆಸರು ಆ ಸರ್ವರ್ ತುಂಬಾ, ಅಂದರೆ ಅಲ್ಲಿ ಒಟ್ಟಿಗೆ ಆಡುವ ಜನರಲ್ಲೆಲ್ಲ, ಹರಡುತ್ತಿತ್ತು. ನಾಳೆಯೂ ಅವನು ಅದೇ ಜನರ ಮಧ್ಯೆ ಇರಬೇಕು, ಅಲ್ವಾ? ಗಲ್ಲಿ ಕ್ರಿಕೆಟ್ ಆಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಂಪೈರ್ ಇಲ್ಲದಿದ್ದರೂ ಔಟ್ ಆದವನು ಬ್ಯಾಟ್ ಕೊಡುತ್ತಾನೆ. ಕೊಡದಿದ್ದರೆ ನಾಳೆ ಅವನನ್ನು ಯಾರೂ ಕರೆಯುವುದಿಲ್ಲ.

2009ರ ಡಿಸೆಂಬರ್‌ನಲ್ಲಿ ಆ ಆಟಕ್ಕೆ ಡಂಜನ್ ಫೈಂಡರ್ ಎಂಬ ಸೌಲಭ್ಯ ಬಂತು. ಬಟನ್ ಒತ್ತಿದರೆ ಸಾಕು. ಬೇರೆ ಬೇರೆ ಸರ್ವರ್‌ಗಳಿಂದ ಐದು ಜನರನ್ನು ಯಂತ್ರವೇ ಹೊಂದಿಸಿ, ನೇರವಾಗಿ ಒಳಗೆ ಇಳಿಸುತ್ತದೆ. ಕೂಗುವುದು ಬೇಡ, ಪ್ರಯಾಣ ಬೇಡ. ಕೆಲಸ ಮುಗಿದ ಮೇಲೆ ಆ ನಾಲ್ವರು ಮತ್ತೆ ಸಿಗುವುದು ಅಪರೂಪ. ಮಾತಿಲ್ಲದೆ ಬಂದು, ಮಾತಿಲ್ಲದೆ ಮುಗಿಸಿ, ಮಾತಿಲ್ಲದೆ ಹೋಗುವುದು ರೂಢಿಯಾಯಿತು. ಅದಾಗಿ ಹತ್ತು ವರ್ಷದ ಹೊತ್ತಿಗೆ, 2019ರ ಆಗಸ್ಟ್‌ನಲ್ಲಿ, ಕಂಪನಿಯೇ ಆ ಆಟದ ಹಳೆಯ ರೂಪವನ್ನು ಮತ್ತೆ ತಂದಿತು. ಅದರಲ್ಲಿ ಈ ಬಟನ್ ಇರಲಿಲ್ಲ. ಜನ ಮುಗಿಬಿದ್ದು ಬಂದರು.

ಹಾಗಂತ ಆ ಬಟನ್ ತಂದವರನ್ನು ನಾನು ಬೈಯುವುದಿಲ್ಲ. ಸಿಲ್ಕ್ ಬೋರ್ಡ್ ದಾಟಿ ರಾತ್ರಿ ಒಂಬತ್ತಕ್ಕೆ ಮನೆಗೆ ಬಂದವನಿಗೆ ಸಿಗುವುದು ಒಂದೇ ಗಂಟೆ. ಅದರಲ್ಲಿ ಮುಕ್ಕಾಲು ಗಂಟೆ ಹೀಲರ್‌ಗಾಗಿ ಕಾದುಕೊಂಡಿರು ಎಂದು ಅವನಿಗೆ ಹೇಳುವುದು ಹೇಗೆ? ಅವನೂ ಆಡಬೇಕು. ಆದರೆ ಕಾಯುವ ಹೊತ್ತನ್ನು ತೆಗೆದಾಗ ಅದರ ಜೊತೆಗೇ ಇನ್ನೇನು ಹೋಯಿತು ಎಂದು ನೋಡಬೇಕಿತ್ತು. ಅದನ್ನು ಬೇರೆ ಕಡೆ ಕಟ್ಟಿಕೊಡಬೇಕಿತ್ತು.

ಬೇಕೆಂದೇ ಹಾಗೆ ಕಟ್ಟಿದವರೂ ಇದ್ದರು. 2003ರ ಸ್ಟಾರ್ ವಾರ್ಸ್ ಗ್ಯಾಲಕ್ಸೀಸ್ ಆಟವನ್ನು ನಾನು ಆಡಿದವನಲ್ಲ, ಆಗ ನಮ್ಮ ಮನೆಯಲ್ಲಿ ಇಂಟರ್ನೆಟ್ಟೇ ಇರಲಿಲ್ಲ. ಆದರೆ ನನ್ನ ಕೆಲಸದವರು ಕಲಿಯಲೇಬೇಕಾದ ಆಟ ಅದು. ಅದನ್ನು ರೂಪಿಸಿದವರಲ್ಲಿ ಮುಖ್ಯರು ರಾಫ್ ಕೋಸ್ಟರ್. ಅದರಲ್ಲಿ ಹೋರಾಡಿ ಬಂದವನಿಗೆ ಒಂದು ಥರದ ದಣಿವು ಅಂಟಿಕೊಳ್ಳುತ್ತದೆ. ಔಷಧಿಯಿಂದ ಅದು ಹೋಗುವುದಿಲ್ಲ. ಊರಿಗೆ ಬಂದು, ಕ್ಯಾಂಟೀನಾ ಎಂಬ ಜಾಗದಲ್ಲಿ ಕೂತು, ಇನ್ನೊಬ್ಬ ಆಟಗಾರ ಹಾಡುವುದನ್ನೋ ಕುಣಿಯುವುದನ್ನೋ ನೋಡಬೇಕು. ಯೋಚನೆ ಮಾಡಿ. ಒಬ್ಬರಿಗೂ ಹೊಡೆಯದೆ, ಬರೀ ಹಾಡಿಕೊಂಡು ಕುಣಿದುಕೊಂಡು ಇರುವವರಿಗೂ ಆ ಊರಿನಲ್ಲಿ ಒಂದು ಕೆಲಸ, ಒಂದು ಮರ್ಯಾದೆ. ಯೋಧ ಬೇಡವೆಂದರೂ ಅವರ ಮುಂದೆ ಬಂದು ಸ್ವಲ್ಪ ಹೊತ್ತು ಕೂರಲೇಬೇಕು. ಕೂತವರು ಮಾತಾಡದೇ ಇರುತ್ತಾರೆಯೇ?

2005ರ ನವೆಂಬರ್‌ನಲ್ಲಿ ಆಟವನ್ನು ಸುಲಭ ಮಾಡಿ ಜಾಸ್ತಿ ಜನರನ್ನು ಕರೆತರಬೇಕು ಎಂದು ಕಂಪನಿ ಎಲ್ಲವನ್ನೂ ಬದಲಾಯಿಸಿತು. 30ಕ್ಕೂ ಹೆಚ್ಚು ವೃತ್ತಿಗಳಿದ್ದದ್ದು 9ಕ್ಕೆ ಇಳಿಯಿತು. ಇದ್ದ ಜನ ಗುಂಪು ಗುಂಪಾಗಿ ಬಿಟ್ಟುಹೋದರು. 2011ರ ಡಿಸೆಂಬರ್ 15ಕ್ಕೆ ಸರ್ವರ್ ಮುಚ್ಚಿತು.

ಇಲ್ಲಿ ಇನ್ನೊಂದು ಮಾತು ಸೇರಿಸಬೇಕು. ಎಲ್ಲರೂ ಗುಂಪಿನಲ್ಲಿ ಹರಟಲೇಬೇಕು ಎಂದೇನಿಲ್ಲ. 2006ರಲ್ಲಿ ಕೆಲವು ಸಂಶೋಧಕರು ವಾರ್‌ಕ್ರಾಫ್ಟ್ ಆಟಗಾರರನ್ನು ಗಮನಿಸಿದಾಗ, ಬಹಳ ಜನ ಒಬ್ಬರೇ ಆಡುತ್ತಾರೆ, ಆದರೆ ಸುತ್ತ ಜನ ಇರಬೇಕು ಎಂದು ಬಯಸುತ್ತಾರೆ ಎಂದು ಕಂಡಿತು. ನನಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ನಮ್ಮ ದರ್ಶಿನಿಗಳಲ್ಲಿ ಬೆಳಿಗ್ಗೆ ಒಬ್ಬರೇ ನಿಂತು ಕಾಫಿ ಕುಡಿಯುವ ಹಿರಿಯರನ್ನು ನೋಡಿ. ಯಾರ ಜೊತೆಗೂ ಮಾತಿಲ್ಲ. ಆದರೂ ಮನೆಯಲ್ಲಿ ಅದೇ ಕಾಫಿ ಕುಡಿ ಎಂದರೆ ಒಪ್ಪುವುದಿಲ್ಲ. ಎರಡು ದಿನ ಬರದಿದ್ದರೆ ಕ್ಯಾಶ್ ಕೌಂಟರಿನವರು "ಏನ್ ಸಾರ್, ಕಾಣ್ಲಿಲ್ಲ" ಅಂತ ಕೇಳುತ್ತಾರೆ. ನನ್ನ ಲೆಕ್ಕದಲ್ಲಿ ಸಮುದಾಯ ಅಂದರೆ ಅಷ್ಟೇ. ನೀವು ಬರದಿದ್ದರೆ ಒಬ್ಬರಾದರೂ ಗಮನಿಸಬೇಕು.

ಈಗ ನಮ್ಮ ಮೊಬೈಲ್ ಕಾಲಕ್ಕೆ ಬರೋಣ. 2020ರ ಲಾಕ್‌ಡೌನ್‌ನಲ್ಲಿ ನಾನು ಪಬ್ಜಿ ಶುರು ಮಾಡಿದೆ. ಗೊತ್ತಿಲ್ಲದ ಮೂವರ ಜೊತೆ ಸ್ಕ್ವಾಡ್. ಮೈಕ್‌ನಲ್ಲಿ ಎಲ್ಲ ಹಿಂದಿ. ನನಗೆ ಹಿಂದಿ ಬರುತ್ತದೆ, ತೊಂದರೆ ಇರಲಿಲ್ಲ. ಒಂದು ರಾತ್ರಿ ಆಟದ ಪೊಚಿಂಕಿ ಎಂಬ ಊರಿನಲ್ಲಿ ಇಳಿದ ತಕ್ಷಣ ಒಬ್ಬ ಕೇಳಿದ, "ಕನ್ನಡ ಬರುತ್ತಾ ಗುರು?" ಆ ಒಂದು ಪ್ರಶ್ನೆಗೆ ಎಷ್ಟು ಶಕ್ತಿ ಇದೆ ಎಂದು ಹಿಂದಿನ ಸಾಲಿನವರಿಗೆ ಗೊತ್ತು, ನಗುತ್ತಿದ್ದಾರೆ ನೋಡಿ. ಅವನು ಹಾಸನದವನು, ಮೊಬೈಲ್ ರಿಪೇರಿ ಅಂಗಡಿ. ಆಮೇಲೆ ಕೆಂಗೇರಿಯ ಒಬ್ಬ ಕ್ಯಾಬ್ ಡ್ರೈವರ್ ಸೇರಿದ, ಪೀಣ್ಯದ ಫ್ಯಾಕ್ಟರಿಯಲ್ಲಿ ಶಿಫ್ಟ್ ಮಾಡುವ ಒಬ್ಬ ಸೇರಿದ. ನಾಲ್ಕು ಜನ ಆದೆವು. ದಿನಾ ರಾತ್ರಿ ಎಂಟೂವರೆಗೆ.

ಹಾಸನದವನ ಮೈಕ್ ಯಾವಾಗಲೂ ಆನ್. ಹಿಂದೆ ಅವರ ಅಮ್ಮನ ಕುಕ್ಕರ್ ಕೇಳಿಸುತ್ತಿತ್ತು. ಮೂರು ವಿಷಲ್ ಆದ ಮೇಲೆ "ಊಟಕ್ಕೆ ಬಾರೋ" ಎಂಬ ಕರೆ. ಎರಡನೇ ವಿಷಲ್ ಆಗುತ್ತಿದ್ದ ಹಾಗೆ ಡ್ರೈವರ್ ಹೇಳುತ್ತಿದ್ದ: "ಬೇಗ ಝೋನ್‌ಗೆ ಹೋಗ್ರಪ್ಪ, ಇವನು ಇನ್ನೊಂದೇ ವಿಷಲ್." ಝೋನ್ ಅಂದರೆ ಆಟದಲ್ಲಿ ಸುರಕ್ಷಿತವಾದ ಜಾಗ. ಅವರ ಅಮ್ಮನನ್ನು ನಾವು ನೋಡೇ ಇರಲಿಲ್ಲ. ಆದರೆ ನಮ್ಮ ಆಟ ಅವರ ಅಡುಗೆಮನೆಯ ಲೆಕ್ಕದಲ್ಲಿ ನಡೆಯುತ್ತಿತ್ತು. ಆಗಸ್ಟ್‌ನಲ್ಲಿ ಒಂದು ವಾರ ಕುಕ್ಕರ್ ಶಬ್ದ ಇಲ್ಲ. ಡ್ರೈವರ್ ಕೇಳಿದ, "ಅಮ್ಮ ಹುಷಾರಾಗಿದ್ದಾರಾ ಮಗಾ?" ಕೋವಿಡ್ ಆಗಿ ಆಸ್ಪತ್ರೆಯಲ್ಲಿದ್ದರು. ಅವನು ಯಾರಿಗೂ ಹೇಳಿರಲಿಲ್ಲ. ಅವತ್ತು ಆಟ ಶುರು ಮಾಡಲೇ ಇಲ್ಲ, ಆಟಕ್ಕೆ ಮುಂಚೆ ಕಾಯುವ ಲಾಬಿಯಲ್ಲೇ ಹನ್ನೊಂದರವರೆಗೆ ಮಾತಾಡಿಕೊಂಡು ಕೂತೆವು. ನಮ್ಮ ಕ್ಯಾರೆಕ್ಟರ್‌ಗಳು ಬಂದೂಕು ಹಿಡಿದುಕೊಂಡು ಸುಮ್ನೆ ನಿಂತಿದ್ದವು. ಅವರಮ್ಮ ವಾಸಿಯಾಗಿ ಮನೆಗೆ ಬಂದ ದಿನ ಮೊದಲ ವಿಷಲ್ ಕೇಳಿ ಮೂವರೂ ಒಟ್ಟಿಗೆ ಕೂಗಿದೆವು.

ಸೆಪ್ಟೆಂಬರ್ 2ಕ್ಕೆ ಸರ್ಕಾರ ಪಬ್ಜಿಯೂ ಸೇರಿ 118 ಆ್ಯಪ್‌ಗಳನ್ನು ನಿಷೇಧಿಸಿತು. ಫೋನಿನಲ್ಲಿ ಇದ್ದವರು ಇನ್ನೂ ಆಡುತ್ತಿದ್ದೆವು. ಅಕ್ಟೋಬರ್ 30ರಿಂದ ಪೂರ್ತಿ ಬಂದ್ ಎಂದು ಸುದ್ದಿ ಬಂತು. ಹಿಂದಿನ ರಾತ್ರಿ ನಾಲ್ವರೂ ಫೋನ್ ನಂಬರ್ ಕೊಟ್ಟುಕೊಂಡೆವು. ಏಳು ತಿಂಗಳು ದಿನಾ ಮಾತಾಡಿದವರು, ನಂಬರ್ ಸೇವ್ ಮಾಡುವಾಗ ನಿಜವಾದ ಹೆಸರು ಕೇಳಿಕೊಳ್ಳಬೇಕಾಯಿತು. 2021ರ ಜುಲೈನಲ್ಲಿ ಪಬ್ಜಿಯ ಭಾರತದ ರೂಪವಾದ ಬಿಜಿಎಂಐ ಬಂದಾಗ ಹಳೆಯ ಅಕೌಂಟಿನ ಡೇಟಾ ತರುವ ಅವಕಾಶ ಕೊಟ್ಟರು. ನನ್ನ ಡ್ರೆಸ್ಸು, ಬಂದೂಕಿನ ಬಣ್ಣ ಎಲ್ಲ ಬಂತು. ನಂಬರ್ ಇಟ್ಟುಕೊಳ್ಳದ ಎಷ್ಟೋ ಗೆಳೆಯರು ಬರಲಿಲ್ಲ. ಆ ಹೆಸರುಗಳನ್ನು ಈಗಲೂ ಒಮ್ಮೊಮ್ಮೆ ಹುಡುಕುತ್ತೇನೆ.

ಆಟ ಕಂಪನಿಯದ್ದು, ಬಳಗ ಆಡುವವರದ್ದು. ಈ ಎರಡು ಒಂದೇ ಅಲ್ಲ. ಸಿಟಿ ಆಫ್ ಹೀರೋಸ್ ಎಂಬ ಆಟವನ್ನು 2012ರ ನವೆಂಬರ್ 30ಕ್ಕೆ ಮುಚ್ಚುತ್ತೇವೆ ಎಂದಾಗ ಆಟಗಾರರು ಆಟದೊಳಗೇ ಪಂಜು ಹಿಡಿದು ಸೇರಿದರು. ಆದರೂ ಮುಚ್ಚಿದರು. ಜನ ಬಿಡಲಿಲ್ಲ, ತಾವೇ ಸರ್ವರ್ ನಡೆಸಿದರು. 2024ರ ಜನವರಿಯಲ್ಲಿ ಅದೇ ಕಂಪನಿ ಅವರಿಗೆ ಅಧಿಕೃತ ಲೈಸೆನ್ಸ್ ಕೊಟ್ಟಿತು. ಐಸ್‌ಲ್ಯಾಂಡಿನ ಈವ್ ಆನ್‌ಲೈನ್ ಎಂಬ ಆಟ ಇನ್ನೂ ಮುಂದೆ ಹೋಗಿ, 2008ರಿಂದ ಆಟಗಾರರೇ ವೋಟು ಹಾಕಿ ಆರಿಸುವ ಒಂದು ಮಂಡಳಿ ಇಟ್ಟುಕೊಂಡಿದೆ.

ಇನ್ನೊಂದು ವಿಷಯ, ಇದು ನನಗೆ ನೋವಿನದು. ಅಕ್ಕನ ಮಗಳು ಸೆಕೆಂಡ್ ಪಿಯುಸಿ. ನನಗಿಂತ ಚೆನ್ನಾಗಿ ಆಡುತ್ತಾಳೆ. ಆದರೆ ಐಡಿಯಲ್ಲಿ ಹುಡುಗನ ಹೆಸರು, ಮೈಕ್ ಆಫ್. ಯಾಕೆ ಎಂದು ಕೇಳಿದೆ. "ಮಾವ, ನಾನು ಬಾಯಿಬಿಟ್ರೆ ಅವರು ಆಟ ಬಿಟ್ಟು ನನ್ನ ಹಿಂದೆ ಬೀಳ್ತಾರೆ" ಅಂದಳು. ಒಂದು ಸಲ ಮೈಕ್ ಆನ್ ಮಾಡಿ ತೋರಿಸಿದಳು. ಎರಡು ನಿಮಿಷದಲ್ಲಿ ಬಂದ ಮಾತುಗಳನ್ನು ಇಲ್ಲಿ ಹೇಳಲಾರೆ. ರಿಪೋರ್ಟ್ ಬಟನ್ ಒತ್ತಿದೆವು, ಧನ್ಯವಾದ ಎಂದು ಬಂತು, ಅಷ್ಟೇ. ಕನ್ನಡದ ಬೈಗುಳವನ್ನು ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿದರೆ, ನಾನು ಆಡಿದ ಯಾವ ಆಟದ ಫಿಲ್ಟರೂ ಅದನ್ನು ಹಿಡಿದಿದ್ದು ನೋಡಿಲ್ಲ. ತ್ಯಾಗರಾಜನಗರದ ಅಣ್ಣ ಹೀಗೆ ಬಿಡುತ್ತಿರಲಿಲ್ಲ. ಒಬ್ಬ ಕೆಟ್ಟ ಮಾತಾಡಿದ್ದಕ್ಕೆ ಅವನ ಬಾಕಿ 40 ರೂಪಾಯಿ ಪುಸ್ತಕದಲ್ಲಿ ಹೊಡೆದುಹಾಕಿ, "ದುಡ್ಡು ಬೇಡ, ನೀನೂ ಬೇಡ" ಎಂದು ಕಳಿಸಿದ್ದರು.

ಹುಡುಗರೇ ಹಾಗೆ ಅಂತ ಕೈತೊಳೆದುಕೊಳ್ಳುವವರಿಗೆ ನಾನು ಜರ್ನಿ ಎಂಬ ಆಟದ ಕಥೆ ಹೇಳುತ್ತೇನೆ. 2012ರಲ್ಲಿ ಬಂದದ್ದು. ಮರುಭೂಮಿಯಲ್ಲಿ ನಡೆಯುವಾಗ ಗೊತ್ತಿಲ್ಲದ ಇನ್ನೊಬ್ಬರು ಸಿಗುತ್ತಾರೆ. ಹೆಸರಿಲ್ಲ, ಮಾತಿಲ್ಲ, ಒಂದು ಸಣ್ಣ ಸ್ವರ ಹೊರಡಿಸಬಹುದು. ಆಟ ತಯಾರಾಗುತ್ತಿದ್ದಾಗ ಒಬ್ಬರು ಇನ್ನೊಬ್ಬರನ್ನು ತಳ್ಳಬಹುದಿತ್ತು. ಪರೀಕ್ಷೆಗೆ ಆಡಿದವರು ಜೊತೆಗಾರನನ್ನು ಹಳ್ಳಕ್ಕೆ ತಳ್ಳಿ ಖುಷಿಪಟ್ಟರು. ತಂಡದವರು ತಳ್ಳುವುದನ್ನೇ ತೆಗೆದರು. ಬದಲಿಗೆ ಇಬ್ಬರೂ ಹತ್ತಿರ ಬಂದರೆ ಇಬ್ಬರ ಶಾಲಿಗೂ ಹಾರುವ ಶಕ್ತಿ ತುಂಬುವ ಹಾಗೆ ಮಾಡಿದರು. ಜನ ಅಂಟಿಕೊಂಡು ನಡೆಯತೊಡಗಿದರು. ಮನುಷ್ಯರು ಅವರೇ, ನಿಯಮ ಬೇರೆ.

ಕಂಪನಿಯ ಗೆಳೆಯರೇ, ಮ್ಯಾಚ್ ಮುಗಿದ ಮೇಲೆ ಅದೇ ಮೂವರ ಜೊತೆ ಮತ್ತೆ ಆಡು ಎಂಬ ಬಟನ್ ದೊಡ್ಡದಾಗಿ ಇಡಿ. ಬಂದೂಕಿಲ್ಲದೆ ನಿಂತು ಮಾತಾಡುವ ಒಂದು ಜಾಗ ಕೊಡಿ. ಕನ್ನಡ ಬೈಗುಳ ಗೊತ್ತಿರುವ ಒಬ್ಬರನ್ನಾದರೂ ಕೆಲಸಕ್ಕೆ ಇಟ್ಟುಕೊಳ್ಳಿ. ಅಪ್ಪ ಅಮ್ಮಂದಿರೇ, ಎಷ್ಟು ಹೊತ್ತು ಆಡಿದೆ ಎಂದು ಕೇಳುವ ಜೊತೆಗೆ ಯಾರ ಜೊತೆ ಆಡಿದೆ ಎಂದೂ ಕೇಳಿ. ಅವರ ಹೆಸರು ಕೇಳಿ, ಊರು ಕೇಳಿ.

ಅಕ್ಕನ ಮಗಳು ಈಗ ಭಾನುವಾರ ನಮ್ಮ ಸ್ಕ್ವಾಡ್‌ನಲ್ಲಿ ಆಡುತ್ತಾಳೆ. ಪೀಣ್ಯದವನಿಗೆ ನೈಟ್ ಶಿಫ್ಟ್, ಅವನ ಜಾಗಕ್ಕೆ ಬಂದಳು. ಮೊದಲ ಎರಡು ವಾರ ಮೈಕ್ ಆಫ್ ಇತ್ತು, ನಾವು ಯಾರೂ ಕೇಳಲಿಲ್ಲ. ಮೂರನೇ ವಾರ ಎರಡನೇ ವಿಷಲ್ ಆಗುತ್ತಿದ್ದ ಹಾಗೆ ಹೊಸ ದನಿ ಕೇಳಿಸಿತು: "ಅಣ್ಣ, ಇನ್ನೊಂದೇ ವಿಷಲ್, ಬೇಗ ಗಾಡಿ ಹತ್ತಿ."