ಟಾರ್ಕ್ ವ್ರೆಂಚ್ ‘ಟಕ್’ ಅಂದ್ರೂ ಹೆಡ್ ಗ್ಯಾಸ್ಕೆಟ್ ಯಾಕೆ ಸೋರುತ್ತೆ?

[ಮೇಜಿನ ಮೇಲೆ ಬಿಚ್ಚಿಟ್ಟ ಸಿಲಿಂಡರ್ ಹೆಡ್, ಪಕ್ಕದಲ್ಲಿ ಹತ್ತು ಬೋಲ್ಟ್]

ನಮಸ್ಕಾರ. ಈ ಹೆಡ್ ಬೋಲ್ಟ್‌ಗಳನ್ನ ನೋಡಿ. ಎಂಜಿನ್ನಿನ ಸಿಲಿಂಡರ್ ಹೆಡ್ಡನ್ನ ಕೆಳಗಿನ ಬ್ಲಾಕಿಗೆ ಬಿಗಿಯೋದು ಇವು; ಎರಡರ ನಡುವೆ ಸೋರದಂತೆ ಕೂರೋ ಹಾಳೆಯೇ ಹೆಡ್ ಗ್ಯಾಸ್ಕೆಟ್. ಥ್ರೆಡ್ ತುಂಬ ಹಳೇ ಎಣ್ಣೆ, ಮಸಿ, ತುಕ್ಕು. ಹೀಗೇ ಹಾಕಿ ಬಿಗಿದರೂ ಟಾರ್ಕ್ ವ್ರೆಂಚ್ ಸರಿಯಾದ ಅಳತೆಗೇ ‘ಟಕ್’ ಅನ್ನುತ್ತೆ. ನಾವು ಮೋಸ ಹೋಗೋದೇ ಅಲ್ಲಿ.

ವ್ರೆಂಚ್ ಅಳೆಯೋದು ನೀವು ತಿರುಗಿಸೋ ಬಲವನ್ನ, ಅಂದ್ರೆ ಟಾರ್ಕನ್ನ. ನಮಗೆ ಬೇಕಿರೋದು ಬೋಲ್ಟ್ ಒಳಗಿನ ಎಳೆತ. ಹೆಡ್ಡನ್ನ ಬ್ಲಾಕಿಗೆ ಅದುಮಿ ಹಿಡಿಯೋದು ಅದು. ಬೋಲ್ಟ್ ಚೊಕ್ಕಟವಾಗಿದ್ದರೂ ಆ ಬಲದಲ್ಲಿ ಸುಮಾರು ಅರ್ಧ, ಬೋಲ್ಟ್ ತಲೆಯ ಕೆಳಗಿನ ಘರ್ಷಣೆಗೇ ಹೋಗುತ್ತೆ. ಇನ್ನು ಶೇ 40ರಷ್ಟು ಥ್ರೆಡ್ಡಿನ ಘರ್ಷಣೆಗೆ. ಎಳೆತಕ್ಕೆ ಸಿಗೋದು ಹತ್ತರಲ್ಲಿ ಒಂದು ಪಾಲು. ಅದನ್ನೂ ತುಕ್ಕು ತಿಂದರೆ ಗ್ಯಾಸ್ಕೆಟ್ ಮೇಲೆ ಒತ್ತಡ ಎಲ್ಲಿಂದ ಬರಬೇಕು?

ಹಾಗಂತ ಎಲ್ಲಕ್ಕೂ ಎಣ್ಣೆ ಹಚ್ಚಬೇಡಿ. ಒಣಗಿಸಿ ಹಾಕಿ ಅಂತ ಮ್ಯಾನುಯಲ್ ಹೇಳಿದ ಕಡೆ ಎಣ್ಣೆ ಬಿದ್ದರೆ, ಅದೇ ಟಾರ್ಕಿಗೆ ಎಳೆತ ಮಿತಿ ಮೀರುತ್ತೆ. ಅಲ್ಯೂಮಿನಿಯಂ ಬ್ಲಾಕಾದರೆ ಥ್ರೆಡ್ಡೇ ಕಿತ್ತು ಬರಬಹುದು.

[ವೈರ್ ಬ್ರಶ್, ಬ್ರೇಕ್ ಕ್ಲೀನರ್]

ಮೊದಲು ಮ್ಯಾನುಯಲ್ ನೋಡಿ. ಟಾರ್ಕ್ ಆದ ಮೇಲೆ 90 ಡಿಗ್ರಿ ತಿರುಗಿಸಿ ಅನ್ನೋ ಥರದ ಬೋಲ್ಟುಗಳಲ್ಲಿ ಹೆಚ್ಚಿನವು ಒಂದೇ ಸಲಕ್ಕೆ; ಅವಕ್ಕೆ ಹೊಸದೇ ಹಾಕಿ. ಮತ್ತೆ ಬಳಸಬಹುದಾದದ್ದನ್ನ ಬ್ರಶ್ಶಲ್ಲಿ ಉಜ್ಜಿ, ಕ್ಲೀನರ್ ಹೊಡೆದು ಒರೆಸಿ.

ಬ್ಲಾಕಿನ ತೂತಿಗೆ ಟ್ಯಾಪ್ ಬಿಡಬೇಡಿ. ಟ್ಯಾಪ್ ಇರೋದು ಥ್ರೆಡ್ ಕೊರೆಯೋಕೆ. ಕೊಳೆ ಜೊತೆ ಒಳ್ಳೇ ಲೋಹವನ್ನೂ ತೆಗೆದುಬಿಡುತ್ತೆ. ಲೋಹ ಕೊರೆಯದೆ ಕೊಳೆ ಮಾತ್ರ ತೆಗೆಯೋ ಥ್ರೆಡ್ ಚೇಸರ್ ಬಳಸಿ. ಇಲ್ಲದಿದ್ದರೆ ಅದೇ ಅಳತೆಯ ಹಳೇ ಬೋಲ್ಟಿಗೆ ಹ್ಯಾಕ್ಸಾದಲ್ಲಿ ಉದ್ದಕ್ಕೆ ಎರಡು ಸೀಳು ಕೊಯ್ದು, ಅಂಚಿನ ಚೂಪು ಅರದಲ್ಲಿ ತೆಗೆದು, ಕೈಯಲ್ಲೇ ತಿರುಗಿಸಿ. ಕೊಳೆ ಆ ಸೀಳಿಗೆ ಬಂದು ಕೂರುತ್ತೆ.

[ಕ್ಲೋಸ್‌ಅಪ್: ತೂತಿನ ತಳದಲ್ಲಿ ಕೂಲೆಂಟ್]

ಇದನ್ನ ಮಾತ್ರ ಯಾವತ್ತೂ ಬಿಡಬೇಡಿ. ತಳ ಮುಚ್ಚಿದ ತೂತಲ್ಲಿ ಕೂಲೆಂಟ್ (ಎಂಜಿನ್ ತಣಿಸೋ ದ್ರವ) ಅಥವಾ ಎಣ್ಣೆ ನಿಂತಿದ್ದರೆ, ಬೋಲ್ಟ್ ಇಳಿದಂತೆ ಅದಕ್ಕೆ ಹೋಗೋಕೆ ದಾರಿಯಿಲ್ಲ. ದ್ರವ ಕುಗ್ಗಲ್ಲ, ಬ್ಲಾಕೇ ಬಿರುಕು ಬಿಡಬಹುದು. ಕನ್ನಡಕ ಹಾಕಿ, ತೂತಿಗೆ ಬಟ್ಟೆ ಅಡ್ಡ ಹಿಡಿದು ಕಂಪ್ರೆಸರ್ ಗಾಳಿ ಹೊಡೀರಿ. ಆಮೇಲೆ ಕಡ್ಡಿಗೆ ಬಟ್ಟೆ ಸುತ್ತಿ ತಳ ಮುಟ್ಟಿಸಿ. ಒದ್ದೆ ಬಂದರೆ ಮತ್ತೆ ಹೊಡೀರಿ.

ಕೂಲೆಂಟ್ ಹರಿಯೋ ಜಾಗಕ್ಕೇ ತೂತು ತೆರೆದಿದ್ದರೆ ಆ ಬೋಲ್ಟಿನ ಥ್ರೆಡ್ಡಿಗೆ ಸೀಲೆಂಟ್ ಬೇಕು.

[ಕೈಯಲ್ಲಿ ಬೋಲ್ಟ್ ಕೂರಿಸುವುದು]

ಈಗ ಬೋಲ್ಟ್ ಇಟ್ಟು ಮೊದಲು ಉಲ್ಟಾ ತಿರುಗಿಸಿ. ಥ್ರೆಡ್ ಬಾಯಿಗೆ ಬಾಯಿ ಕೂತಾಗ ಸಣ್ಣಗೆ ‘ಕಟ್’ ಅನ್ನುತ್ತೆ. ಅಲ್ಲಿಂದ ಬಲಕ್ಕೆ. ತಲೆ ಹೆಡ್ಡಿಗೆ ತಾಗೋವರೆಗೂ ಎರಡು ಬೆರಳಲ್ಲೇ ಇಳಿಯಬೇಕು. ನಡುವೆ ಬಿಗಿಯಾಯ್ತಾ? ಸ್ಪ್ಯಾನರ್ ಮುಟ್ಟಬೇಡಿ, ಬಿಚ್ಚಿ ಮತ್ತೆ ಕ್ಲೀನ್ ಮಾಡಿ.