ವಾರಂಟಿ ಮುಗೀತು, ವಾಚೂ ಮುಗೀತು! ಮಾಟುಂಗಾದಿಂದ ಲ್ಯಾಮಿಂಗ್ಟನ್ ರೋಡ್‌ಗೆ

ನಮಸ್ಕಾರ ಎಲ್ಲರಿಗೂ. ನೀವು ನೋಡುತ್ತಿರುವುದು ಮಾಟುಂಗಾದ ಹೂವಿನ ಅಂಗಡಿಗಳು. ಮಲ್ಲಿಗೆ ರೇಟ್ ಮಾತ್ರ ಕೇಳಬೇಡಿ, ಇವತ್ತು ನನ್ನ ತಲೆಬಿಸಿಯೇ ಬೇರೆ. ಈ ಸ್ಮಾರ್ಟ್ ವಾಚ್. ಹತ್ತಿರದಿಂದ ತೋರಿಸುತ್ತೇನೆ, ಎಡಗಡೆ ಅಂಚು ನೋಡಿ. ಗಾಜು ಮೇಲೆದ್ದಿದೆ, ಉಗುರು ತೂರುವಷ್ಟು ಸಂದಿ. ವಾರಂಟಿ ಮುಗಿದು ತಿಂಗಳು ತುಂಬಿಲ್ಲ.

ಸರ್ವಿಸ್ ಸೆಂಟರ್ ಒಳಗೆ ಶೂಟ್ ಮಾಡಲು ಬಿಡಲಿಲ್ಲ. ಅದಕ್ಕೇ ಅಲ್ಲಿನ ಕಥೆಯನ್ನು ಈ ಹೂವಿನ ದೃಶ್ಯದ ಮೇಲೆ ಹೇಳುತ್ತಿದ್ದೇನೆ, ಅಡ್ಜಸ್ಟ್ ಮಾಡಿಕೊಳ್ಳಿ. ಟೋಕನ್ ತೆಗೆದುಕೊಂಡು ಕೂತೆ. ನನ್ನ ನಂಬರ್ ಬಂತು. ಕೌಂಟರ್ ಹುಡುಗ ವಾಚನ್ನು ಕೈಗೇ ತೆಗೆದುಕೊಳ್ಳಲಿಲ್ಲ. ಸೀರಿಯಲ್ ನಂಬರ್ ಹೊಡೆದ, ‘ಔಟ್ ಆಫ್ ವಾರಂಟಿ’ ಅಂದ. ಸರಿ ಬಿಡಪ್ಪ, ದುಡ್ಡು ಕೊಡುತ್ತೇನೆ, ಬೇರೆ ಬ್ಯಾಟರಿ ಹಾಕಿಕೊಡು ಅಂದೆ. ‘ಇದರಲ್ಲಿ ಬ್ಯಾಟರಿ ಚೇಂಜ್ ಆಗಲ್ಲ ಮೇಡಂ.’ ಮತ್ತೆ ನೀವು ಏನು ಮಾಡಿಕೊಡುತ್ತೀರಿ? ‘ಹೊಸದು ತಗೊಂಡರೆ 25 ಪರ್ಸೆಂಟ್ ಕೂಪನ್ ಕೊಡ್ತೀವಿ.’

ಈಗ ಆ ಕೂಪನ್ ಲೆಕ್ಕ ಕೇಳಿ. ಕೂಪನ್ ನಡೆಯುವುದು ಎಂಆರ್‌ಪಿ ಮೇಲೆ ಮಾತ್ರ. ಎಂಆರ್‌ಪಿ 4,999. ಕೂಪನ್ ಹಾಕಿದರೆ 3,749. ಅಲ್ಲೇ ಕೂತು ಫೋನಿನಲ್ಲಿ ನೋಡಿದೆ. ಅದೇ ಮಾಡೆಲ್, ಅದೇ ಬಣ್ಣ, ಆನ್‌ಲೈನ್‌ನಲ್ಲಿ 3,299! ಅಂದರೆ ಹಳೇ ಗಿರಾಕಿ ಅನ್ನುವ ಪ್ರೀತಿಗೆ ನಾನು 450 ರೂಪಾಯಿ ಜಾಸ್ತಿ ಕೊಡಬೇಕು. ಆ ಹುಡುಗನಿಗೆ ಫೋನ್ ತೋರಿಸಿದೆ. ಅವನು ನೋಡಿ, ‘ಹಾಗಾದರೆ ಆನ್‌ಲೈನೇ ತಗೊಳ್ಳಿ ಮೇಡಂ’ ಅಂದ. ಪಾಪ, ಅವನ ಮೇಲೆ ಕೋಪ ಇಲ್ಲ. ಆದರೆ ಒಂದು ಗಮನಿಸಿದೆ. ಇಡೀ ಸರ್ವಿಸ್ ಸೆಂಟರಿನಲ್ಲಿ ಒಂದೇ ಒಂದು ಸ್ಕ್ರೂಡ್ರೈವರ್ ನನ್ನ ಕಣ್ಣಿಗೆ ಬೀಳಲಿಲ್ಲ. ಪ್ರಿಂಟರ್ ಮಾತ್ರ ಎರಡಿದ್ದವು.

ತಿಂಡಿ ಆಯಿತು, ನೀವು ನೋಡಿದಿರಿ. ಈ ಹೋಟೆಲಿನ ಗಲ್ಲೆಯಲ್ಲಿ ಕೂತವರು ಕುಂದಾಪುರ ಕಡೆಯವರು. ನನ್ನ ಗೋಳು ಕೇಳಿ, ‘ಎಂತ ವಾಚ್ ಮಾರಾಯ್ರೆ, ನಾವು ಬೆಳಿಗ್ಗೆ ಐದಕ್ಕೆ ಶುರು ಮಾಡಿದರೆ ರಾತ್ರಿವರೆಗೆ ನಡೆಯುವುದೇ, ಯಾರು ಲೆಕ್ಕ ಇಟ್ಟಿದ್ದಾರೆ?’ ಅಂದರು. ಅದೂ ನಿಜವೇ. ದಿನಕ್ಕೆ ಇಷ್ಟು ನಡೆಯಿರಿ ಅಂತ ಈ ವಾಚ್ ಹೇಳುವ 10,000 ಹೆಜ್ಜೆ ಅನ್ನುವುದು ಯಾವ ಡಾಕ್ಟರೂ ಕೂತು ಲೆಕ್ಕ ಹಾಕಿದ್ದಲ್ಲ. 1965ರಲ್ಲಿ ಜಪಾನಿನ ಒಂದು ಕಂಪನಿ ಹೆಜ್ಜೆ ಎಣಿಸುವ ಯಂತ್ರ ಮಾರಲು ತಂದಾಗ ಹುಟ್ಟಿದ ನಂಬರ್ ಅದು. ಅಲ್ಲಿಂದ ನನ್ನ ಮಣಿಕಟ್ಟಿನವರೆಗೆ ಬಂದಿದೆ. ಇನ್ನು ಜನ್ಮದಲ್ಲಿ ಇಂಥ ವಾಚ್ ಕೊಳ್ಳಲ್ಲ ನಾನು, ಬರೆದಿಟ್ಟುಕೊಳ್ಳಿ.

ಹೊರಗಡೆ ರಿಪೇರಿ ಮಾಡಿಸೋಣ ಅಂತ ಲ್ಯಾಮಿಂಗ್ಟನ್ ರೋಡಿನ ಎಲೆಕ್ಟ್ರಾನಿಕ್ಸ್ ಬಜಾರಿಗೆ ಹೊರಟೆ. ಟ್ರೇನ್ ಬಂತು. ಮಾಟುಂಗಾ ರೋಡಿನಿಂದ ಸ್ಲೋ ಲೋಕಲ್. ದಾದರ್ ಆಯಿತು, ಇದು ಪ್ರಭಾದೇವಿ. 2018ರಲ್ಲಿ ಹೆಸರು ಬದಲಾಯಿತು, ನನ್ನ ಬಾಯಲ್ಲಿ ಇನ್ನೂ ಎಲ್ಫಿನ್‌ಸ್ಟನ್ನೇ. ಜಾಗ ಸಿಕ್ಕಿದೆ, ಸ್ವಲ್ಪ ಮಾತಾಡೋಣ.

ನೋಡಿ, ಈ ಲಿಥಿಯಂ ಬ್ಯಾಟರಿಗೆ ಒಂದು ಆಯುಸ್ಸು ಇರುತ್ತದೆ. ಸಾಮಾನ್ಯವಾಗಿ 300ರಿಂದ 500 ಸಲ ಪೂರ್ತಿ ಚಾರ್ಜ್ ಆಗಿ ಖಾಲಿಯಾಗುವ ಹೊತ್ತಿಗೆ ಅದರ ತಾಕತ್ತು ಶೇ 80ರ ಆಸುಪಾಸಿಗೆ ಇಳಿಯುತ್ತದೆ. ಬ್ಯಾಟರಿಯ ಅಳತೆ ಫೋನಿನಲ್ಲಿ 5,000 ಎಂಎಎಚ್ ಇದ್ದರೆ ವಾಚಿನಲ್ಲಿ ಇನ್ನೂರೋ ಮುನ್ನೂರೋ. ಸ್ಕ್ರೀನ್ ಸದಾ ಆನ್, ರಾತ್ರಿಯೆಲ್ಲ ರಕ್ತದ ಆಕ್ಸಿಜನ್ ಅಳೆಯುವುದು, ಇದೆಲ್ಲ ಇಟ್ಟರೆ ದಿನಾ ಚಾರ್ಜಿಗೆ ಹಾಕಲೇಬೇಕು. ವರ್ಷಕ್ಕೆ 365 ಸಲ ಆಯಿತು. ವಾರಂಟಿ ಎಷ್ಟು? ಒಂದು ವರ್ಷ. ಬೇಕಂತಲೇ ಹೀಗೆ ಮಾಡುತ್ತಾರೆ ಅಂತ ನಾನು ಹೇಳಲ್ಲ. ಆದರೆ ಸವೆಯುವುದು ಗ್ಯಾರಂಟಿ ಇರುವ ಭಾಗವನ್ನು ಒಳಗಿಟ್ಟು ಗಮ್ ಹಾಕಿ ಮುಚ್ಚಿ, ಬದಲಾಯಿಸಲ್ಲ ಅಂದರೆ ಏನರ್ಥ? ಆಪಲ್‌ನವರು ವಾರಂಟಿ ಮುಗಿದ ಮೇಲೂ ದುಡ್ಡು ತೆಗೆದುಕೊಂಡು ವಾಚಿನ ಬ್ಯಾಟರಿ ಸರ್ವಿಸ್ ಕೊಡುತ್ತಾರಲ್ಲ! ಯುರೋಪಿಯನ್ ಒಕ್ಕೂಟದಲ್ಲಂತೂ ಮಾರಿದ ವಸ್ತುವಿಗೆ ಕನಿಷ್ಠ 2 ವರ್ಷ ಜವಾಬ್ದಾರಿ ಇದೆ. 2027ರ ಫೆಬ್ರವರಿಯಿಂದ, ಕೆಲವು ವಿನಾಯಿತಿ ಬಿಟ್ಟು, ಬಳಸುವವರೇ ಬ್ಯಾಟರಿ ತೆಗೆದು ಹಾಕುವ ಹಾಗೆ ಸಾಮಾನು ಮಾಡಬೇಕು ಅಂತ ನಿಯಮ ತಂದಿದ್ದಾರೆ.

ಮತ್ತೆ ಈ ನೀರಿನ ವಿಷಯ. ಬಾಕ್ಸ್ ಮೇಲೆ 5 ಎಟಿಎಂ, ಅಂದರೆ 50 ಮೀಟರ್ ನೀರಿನಷ್ಟು ಒತ್ತಡ ತಡೆಯುತ್ತದೆ ಅಂತ, ಜೊತೆಗೆ ಈಜುವವರ ಫೋಟೊ. ವಾರಂಟಿ ಕಾರ್ಡಿನ ಸಣ್ಣ ಅಕ್ಷರದಲ್ಲಿ ‘ನೀರಿನಿಂದಾದ ಹಾನಿಗೆ ನಾವು ಹೊಣೆಯಲ್ಲ’. ಫೋಟೊದಲ್ಲಿರುವವರಿಗೆ ಕಾರ್ಡ್ ಕೊಟ್ಟಿಲ್ಲವೇನೋ.

ಹಾಂ, 1915 ನಂಬರಿಗೂ ದೂರು ಕೊಟ್ಟೆ. ಅದು ಗ್ರಾಹಕರ ರಾಷ್ಟ್ರೀಯ ಸಹಾಯವಾಣಿ. ಕನ್ನಡದಲ್ಲೂ ಮಾತಾಡಬಹುದು, ಮುಂಬೈಯಲ್ಲಿ ಕೂತು ಸರ್ಕಾರಿ ನಂಬರಿಗೆ ಕನ್ನಡದಲ್ಲಿ ಜಗಳ ಆಡುವ ಖುಷಿಯೇ ಬೇರೆ. ಅವರು ದೂರನ್ನು ಕಂಪನಿಗೆ ಕಳಿಸುತ್ತಾರೆ. ನನಗೆ ಕಂಪನಿಯಿಂದ ಬಂದ ಉತ್ತರ ಏನು ಗೊತ್ತಾ? ಅದೇ ಕೂಪನ್! ಮುಂದೆ ಹೋಗುವುದಾದರೆ ಜಿಲ್ಲಾ ಗ್ರಾಹಕ ಆಯೋಗ ಇದೆ. 5 ಲಕ್ಷದವರೆಗಿನ ಕೇಸಿಗೆ ಫೀಸ್ ಇಲ್ಲ, 2 ವರ್ಷದೊಳಗೆ ಹಾಕಬೇಕು. ಹಾಕಲಾ? ಹಾಕಬೇಕು ಅನ್ನಿಸುತ್ತದೆ. ಐದು ಸಾವಿರದ ವಾಚಿಗೆ ಯಾರು ಅಲೆಯುತ್ತಾರೆ ಅಂತಲೂ ಅನ್ನಿಸುತ್ತದೆ. ಅವರು ನಂಬಿರುವುದೂ ಅದನ್ನೇ, ಅಲ್ವಾ?

ಗ್ರಾಂಟ್ ರೋಡ್, ಇಳಿದೆವು.

ಇದು ಲ್ಯಾಮಿಂಗ್ಟನ್ ರೋಡ್. ಬೋರ್ಡಿನಲ್ಲಿ ಡಾ. ಭಡಕಮಕರ್ ಮಾರ್ಗ ಅಂತ ಇರುತ್ತದೆ, ಹಾಗೆ ಕೇಳಿದರೆ ಯಾರೂ ದಾರಿ ಹೇಳಲ್ಲ. ರಿಪೇರಿ ಅಂಗಡಿ ಮೇಲಿನ ಮಹಡಿಯಲ್ಲಿದೆ. ರಿಪೇರಿ ಮಾಡುವ ಭಯ್ಯಾ ಶೂಟ್ ಮಾಡಿ ಅಂದರು, ಮುಖ ಬೇಡ ಅಂದರು. ಅದಕ್ಕೆ ಬರೀ ಕೈ ಕಾಣುತ್ತಿದೆ.

ಗಾಜಿನ ಕಡೆ ಕೆಳಗೆ ಮಾಡಿ ಬಿಸಿ ತಟ್ಟೆ ಮೇಲೆ ಇಟ್ಟಿದ್ದಾರೆ, ಗಮ್ ಮೆತ್ತಗಾಗಲಿ ಅಂತ. ಬ್ಲೇಡ್ ತೂರಿಸಿದರು... ಬಂತು. ಅಯ್ಯೋ ದೇವರೇ! ಬ್ಯಾಟರಿ ನೋಡಿ, ಪೂರಿ ಉಬ್ಬಿದ ಹಾಗೆ ಉಬ್ಬಿದೆ. ಗಾಜನ್ನು ಎತ್ತಿದ್ದು ಇದೇ. ಇದನ್ನು ಕೈಗೆ ಕಟ್ಟಿಕೊಂಡು ಮಲಗುತ್ತಿದ್ದೆ ನಾನು! ನಿಮ್ಮ ವಾಚಿನ ಗಾಜು ಹೀಗೆ ಎದ್ದಿದ್ದರೆ ದಯವಿಟ್ಟು ಚಾರ್ಜಿಗೆ ಹಾಕಬೇಡಿ, ಒತ್ತಿ ಕೂರಿಸಲೂ ಹೋಗಬೇಡಿ, ಬೆಂಕಿ ಹತ್ತಬಹುದು. ಬ್ಯಾಟರಿಯನ್ನು ಮನೆ ಕಸಕ್ಕೆ ಎಸೆಯುವುದೂ ಬೇಡ, ಇ-ವೇಸ್ಟ್ ತೆಗೆದುಕೊಳ್ಳುವವರಿಗೇ ಕೊಡಿ.

ಹಿಂದುಗಡೆ ಚಾರ್ಜಿಂಗ್ ಪಿನ್ ನೋಡಿ. ಒಂದು ಹಳದಿಯಾಗೇ ಇದೆ, ಇನ್ನೊಂದು ಹಸಿರು. ಬೆವರು. ಮುಂಬೈ ಬೆವರಿನ ಬಗ್ಗೆ ಹೊಸದಾಗಿ ಹೇಳಬೇಕಾ? ಭಯ್ಯಾ ಟೂತ್‌ಬ್ರಶ್ಶಿನಿಂದ ಉಜ್ಜುತ್ತಿದ್ದಾರೆ. ಬ್ಯಾಟರಿಗೆ 500, ಕೂಲಿ 350. ಚೌಕಾಸಿ ಮಾಡಿದೆ, ನಡೆಯಲಿಲ್ಲ. ಗ್ಯಾರಂಟಿ ಎಷ್ಟು ಅಂತ ಕೇಳಿದೆ. ‘ಮೆಟ್ಟಿಲು ಇಳಿಯುವವರೆಗೆ’ ಅಂತ ನಕ್ಕರು. ಆಮೇಲೆ ಚೀಟಿಯಲ್ಲಿ ಮೂರು ತಿಂಗಳು ಅಂತ ಬರೆದುಕೊಟ್ಟರು. ನೀರಿಗೆ ಮಾತ್ರ ಗ್ಯಾರಂಟಿ ಇಲ್ಲ, ಒಮ್ಮೆ ಬಿಚ್ಚಿದ ಸೀಲ್ ಮೊದಲಿನ ಹಾಗೆ ಕೂರಲ್ಲವಂತೆ. ಬಿಚ್ಚದಿದ್ದರೂ ವರ್ಷ ಕಳೆದಂತೆ ಸೀಲ್ ಸವೆಯುತ್ತದೆ, ಅದು ಬೇರೆ ಮಾತು. ರಬ್ಬರ್ ಬ್ಯಾಂಡ್ ಸುತ್ತಿಕೊಟ್ಟಿದ್ದಾರೆ, ಗಮ್ ಒಣಗಲು ನಾಳೆಯವರೆಗೆ ಬಿಚ್ಚಬಾರದು.

ಆನ್ ಆಗಿದೆ! ನೋಡಿ, ಹಳೇ ಡೇಟಾ ಎಲ್ಲ ಹಾಗೇ ಇದೆ. ಆಗ ಜನ್ಮದಲ್ಲಿ ಕೊಳ್ಳಲ್ಲ ಅಂದೆ ಅಲ್ವಾ, ಕೊಳ್ಳುತ್ತೇನೆ ಬಿಡಿ, ಆದರೆ ಬ್ಯಾಟರಿ ಬದಲಾಯಿಸಿ ಕೊಡುತ್ತೀರಾ ಅಂತ ಮೊದಲೇ ಈಮೇಲಿನಲ್ಲಿ ಕೇಳಿ, ಉತ್ತರ ಬಂದರೆ ಮಾತ್ರ. ನಿಮ್ಮಲ್ಲಿ ಯಾರಾದರೂ ಹೀಗೆ ಹೊರಗಡೆ ಬ್ಯಾಟರಿ ಹಾಕಿಸಿದ್ದರೆ ಎಷ್ಟು ಸಮಯ ಬಾಳಿತು, ಎಷ್ಟು ಕೊಟ್ಟಿರಿ, ಕಾಮೆಂಟಲ್ಲಿ ಹಾಕಿ. ಪುಣೆಯವರು ವಿಶೇಷವಾಗಿ, ನಿಮ್ಮ ಎಲೆಕ್ಟ್ರಾನಿಕ್ಸ್ ಬಜಾರು ತಪ್‌ಕೀರ್ ಗಲ್ಲಿಯಲ್ಲಿ ಈಗ ಏನು ರೇಟ್ ನಡೆಯುತ್ತಿದೆ ಹೇಳಿ. 850 ಜಾಸ್ತಿ ಆಯಿತಾ ಅಂತ ಒಂದು ಸಂಶಯ ಇದೆ ನನಗೆ. ಬೋರಿವಲಿ ಸ್ಲೋ ಬಂತು, ಹತ್ತುತ್ತೇನೆ, ಬೈ ಬೈ!